ಹೊರಗೆ ಹೋಗುವ ದಾರಿಗೆ ವೈರ್ ಎಳೆಯಿರಿ ಸ್ವಾಮಿ

ನಿನ್ನೆ ತುಮಕೂರಿನ ಬಟವಾಡಿ ಕಡೆಯ ಒಂದು ಪಿಜಿಯಲ್ಲಿ ಹೊಸದಾಗಿ ಕೂರಿಸಿರುವ ಡೋರ್ ಆಕ್ಸೆಸ್, ಅಂದರೆ ಕರೆಂಟಿನಿಂದ ಬಾಗಿಲು ಲಾಕ್ ಮಾಡಿ ತೆಗೆಯುವ ವ್ಯವಸ್ಥೆ, ನೋಡಿದಾಗಿನಿಂದ ತಲೆ ಬಿಸಿಯಾಗಿದೆ. ಮೂರು ಮಹಡಿ ತುಂಬ ಹುಡುಗಿಯರು, ಕೆಳಗೆ ಒಂದೇ ಗಾಜಿನ ಬಾಗಿಲು. ಹೊರಗಿನಿಂದ ಅದನ್ನು ಮುಖ ತೋರಿಸಿ, ಬೆರಳಿಟ್ಟು, ಕಾರ್ಡ್ ಹಿಡಿದು, ಮೊಬೈಲಿನಿಂದ, ಹೀಗೆ ನಾಲ್ಕು ಬಗೆಯಲ್ಲಿ ತೆಗೆಯಬಹುದು. ಒಳಗಿನಿಂದ ತೆಗೆಯೋಕೆ ಡಬಲ್ ಟೇಪಿನಲ್ಲಿ ಗೋಡೆಗೆ ಅಂಟಿಸಿದ ಒಂದು ರಿಮೋಟ್ ಬಟನ್. ಅದರೊಳಗೆ ಕಿರುಬೆರಳಿಗಿಂತ ಸಣ್ಣದಾದ 12 ವೋಲ್ಟಿನ ಶೆಲ್. ಆ ಶೆಲ್ ಸತ್ತ ದಿನ ಒಳಗಿರುವವರಿಗೆ ದಾರಿಯೇ ಇಲ್ಲ. ತುರ್ತಿನಲ್ಲಿ ಒತ್ತಿ ಲಾಕಿನ ಕರೆಂಟ್ ಕಡಿಯುವ ಬ್ರೇಕ್ ಗ್ಲಾಸ್ ಪೆಟ್ಟಿಗೆ ಇಲ್ಲ, ಫೈರ್ ಅಲಾರಂಗೆ ಕನೆಕ್ಷನ್ ಇಲ್ಲ. ಯಾಕೆ ಹೀಗೆ ಅಂದರೆ, ಕೂರಿಸಿದವರು "ವೈರ್‌ಲೆಸ್ ಅಲ್ವಾ ಸಾರ್, ಗೋಡೆ ಕೊರೆಯೋ ರಗಳೆ ಇಲ್ಲ" ಅನ್ನುತ್ತಾರೆ.

ಗೋಡೆ ಕೊರೆಯಲೇಬೇಕು. ಎಷ್ಟು ಸಲ ಬೇಕಾದರೂ ಹೇಳುತ್ತೇನೆ: ಒಳಗೆ ಬರುವುದಕ್ಕೆ ರೇಡಿಯೋ, ಬ್ಲೂಟೂತ್, ವೈಫೈ ಏನು ಬೇಕಾದರೂ ಇಟ್ಟುಕೊಳ್ಳಿ. ಹೊರಗೆ ಹೋಗುವ ದಾರಿ ಮಾತ್ರ ಶೆಲ್ಲನ್ನೂ ರೂಟರನ್ನೂ ಲಾಕಿಗೆ ಆಜ್ಞೆ ಕೊಡುವ ಕಂಟ್ರೋಲರ್ ಒಳಗಿನ ಸಾಫ್ಟ್‌ವೇರನ್ನೂ ನಂಬಿಕೊಂಡು ಇರಬಾರದು. ಇದು ನನ್ನ ಹಟವಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 4ನೇ ಭಾಗವನ್ನು ತೆಗೆದು ನೋಡಿ. ಹೊರಹೋಗುವ ಬಾಗಿಲು ಒಳಗಿನವರಿಗೆ ಕೀ ಇಲ್ಲದೆ ತೆರೆಯುವಂತಿರಬೇಕು ಅಂತ ಅಲ್ಲಿ ಇದೆ.

ಇದನ್ನು ಹೇಳಿದ ತಕ್ಷಣ ಬರುವ ಮಾತು ಗೊತ್ತು. "ಇಎಂ ಲಾಕ್ ತಾನೇ, ಕರೆಂಟ್ ಹೋದರೆ ತಾನಾಗಿ ಬಿಟ್ಟುಕೊಳ್ಳುತ್ತೆ." ಇಎಂ ಲಾಕ್ ಅಂದರೆ ಕರೆಂಟ್ ಇರುವಷ್ಟು ಹೊತ್ತು ಬಾಗಿಲನ್ನು ಹಿಡಿದಿಡುವ ವಿದ್ಯುತ್ ಮ್ಯಾಗ್ನೆಟ್, ಬಿಟ್ಟುಕೊಳ್ಳುತ್ತೆ, ನಿಜ. ಆದರೆ ಬೆಸ್ಕಾಂ ಕರೆಂಟ್ ಹೋದಾಗಲೆಲ್ಲ ಬಾಗಿಲು ತೆರೆದುಕೊಂಡರೆ ಕಷ್ಟ ಅಂತ ಅದೇ ಲಾಕಿಗೆ ಬ್ಯಾಟರಿ ಕಟ್ಟಿದವರು ಯಾರು? 280 ಕೆಜಿ ಹಿಡಿತದ ಸಾಧಾರಣ ಇಎಂ ಲಾಕ್ 12 ವೋಲ್ಟಿನಲ್ಲಿ ಸುಮಾರು ಅರ್ಧ ಆಂಪಿಯರ್ ಎಳೆಯುತ್ತದೆ. ಕಾರ್ಡ್, ಬೆರಳು ಓದುವ ರೀಡರ್, ಕಂಟ್ರೋಲರ್ ಸೇರಿ ಮುಕ್ಕಾಲು ಆಂಪಿಯರ್ ಅಂದುಕೊಳ್ಳಿ. 7 ಆಂಪಿಯರ್ ಅವರ್‌ನ ಬ್ಯಾಟರಿ ಲೆಕ್ಕದಲ್ಲಿ 9 ಗಂಟೆ, ಹೊಸದಾಗಿದ್ದರೆ ನಿಜಕ್ಕೂ ಒಂದು ಆರೇಳು ಗಂಟೆ ಬರುತ್ತದೆ. ಅಂದರೆ ಶಾರ್ಟ್ ಸರ್ಕ್ಯೂಟ್ ಆಗಿ ಮೇನ್ ಟ್ರಿಪ್ ಆಗಿ ಮೆಟ್ಟಿಲ ತುಂಬ ಹೊಗೆ ತುಂಬಿದರೂ ಆ ಬಾಗಿಲು ಆರು ಗಂಟೆ ಕಚ್ಚಿಕೊಂಡೇ ಇರುತ್ತದೆ. ಬ್ಯಾಟರಿ ಹಾಕಿದ ಮೇಲೆ "ತಾನಾಗಿ ಬಿಡುತ್ತೆ" ಅನ್ನುವ ಮಾತಿಗೆ ಅರ್ಥವಿಲ್ಲ. ಬ್ಯಾಟರಿ ಬೇಡ ಅನ್ನುತ್ತಿಲ್ಲ. ಬ್ಯಾಟರಿ ಇರುವ ಕಡೆ ಬ್ರೇಕ್ ಗ್ಲಾಸ್ ಇಲ್ಲದೆ ಕೆಲಸ ಮುಗಿಸಬೇಡಿ ಅನ್ನುತ್ತಿದ್ದೇನೆ.

ಅದನ್ನು ಕಟ್ಟುವ ಕ್ರಮವೂ ಮುಖ್ಯ. ಲಾಕಿಗೆ 12 ವೋಲ್ಟ್ ಕೊಡುವ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್‌ನ ಪ್ಲಸ್ ಮೊದಲು ಒಳಬದಿಯ ಹಸಿರು ಬ್ರೇಕ್ ಗ್ಲಾಸಿಗೆ ಹೋಗಬೇಕು. ಫೈರ್ ಪ್ಯಾನೆಲ್ ಇದ್ದರೆ ಅಲ್ಲಿಂದ ಅದರ ರಿಲೇಯ (ಕರೆಂಟಿನಿಂದ ತಾನಾಗಿ ಆಡುವ ಸ್ವಿಚ್) ಎನ್‌ಸಿ, ಅಂದರೆ ಸಾಮಾನ್ಯವಾಗಿ ಕೂಡಿಕೊಂಡೇ ಇರುವ ಪಾಯಿಂಟ್ ಮೂಲಕ, ಆಮೇಲೆ ಕಂಟ್ರೋಲರಿನ ರಿಲೇಯ ಕಾಮನ್ ಪಾಯಿಂಟಿಗೆ, ಅದರ ಎನ್‌ಸಿಯಿಂದ ಲಾಕಿನ ಪ್ಲಸ್‌ಗೆ. ಮೈನಸ್ ನೇರವಾಗಿ ವಾಪಸ್. ಹೀಗೆ ಮಾಡಿದರೆ ಕಂಟ್ರೋಲರ್ ಹ್ಯಾಂಗ್ ಆಗಲಿ, ರಿಲೇ ಅಂಟಿಕೊಳ್ಳಲಿ, ಬ್ರೇಕ್ ಗ್ಲಾಸ್ ಒತ್ತಿದ ಕ್ಷಣ ಲಾಕಿಗೆ ಹೋಗುವ ಕರೆಂಟೇ ಕಡಿದುಹೋಗುತ್ತದೆ. ಬಹಳ ಜನ ಬ್ರೇಕ್ ಗ್ಲಾಸನ್ನು ಕಂಟ್ರೋಲರಿನ ಎಕ್ಸಿಟ್ ಬಟನ್ ಪಾಯಿಂಟಿಗೇ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಆಗ ಅದು ಕೆಂಪೋ ಹಸಿರೋ ಬಣ್ಣದ ಇನ್ನೊಂದು ಎಕ್ಸಿಟ್ ಬಟನ್, ಅಷ್ಟೆ. ಇನ್ನೊಂದು ವಿಷಯ: ಬ್ರೇಕ್ ಗ್ಲಾಸಿನಲ್ಲಿ ಗಾಜು ಕೂತಿರುವಾಗಲೇ ಒಳಗಿನ ಸ್ವಿಚ್ ಒತ್ತಿದ ಸ್ಥಿತಿಯಲ್ಲಿರುತ್ತದೆ. ಹಾಗಾಗಿ ಎನ್‌ಒ (ಸಾಮಾನ್ಯವಾಗಿ ಬಿಟ್ಟುಕೊಂಡಿರುವ ಪಾಯಿಂಟ್), ಎನ್‌ಸಿ ಅಂತ ಬರೆದಿರುವುದನ್ನು ನಂಬಬೇಡಿ. ಗಾಜು ಇರುವಾಗ ಯಾವ ಎರಡು ಸ್ಕ್ರೂ ನಡುವೆ ಮಲ್ಟಿಮೀಟರ್ ಬೀಪ್ ಕೊಡುತ್ತದೋ ಅವೇ ನಿಮಗೆ ಬೇಕಾದವು.

ವೈರಿನ ವಿಷಯದಲ್ಲೂ ಇದೇ ಉಡಾಫೆ. ಲಾಕಿಗೆ ನೆಟ್‌ವರ್ಕ್ ಕೇಬಲಿನ ಒಂದು ಜೋಡಿ ಎಳೆ ಕೊಟ್ಟು ಬಿಡುತ್ತಾರೆ. ಆ ಎಳೆ ಮೀಟರಿಗೆ ಸುಮಾರು 0.08 ಓಮ್. ಎಸ್‌ಎಂಪಿಎಸ್ 30 ಮೀಟರ್ ದೂರ ಇದ್ದರೆ ಹೋಗಿಬರುವ 60 ಮೀಟರಿಗೆ ಹತ್ತಿರ ಹತ್ತಿರ 5 ಓಮ್. ಅರ್ಧ ಆಂಪಿಯರ್ ಹರಿದರೆ ಎರಡೂವರೆ ವೋಲ್ಟ್ ದಾರಿಯಲ್ಲೇ ಖಾಲಿ. ಲಾಕಿಗೆ ಸಿಗುವುದು ಒಂಬತ್ತೂವರೆ ವೋಲ್ಟ್. ಹಿಡಿತ ಇಲ್ಲ ಅಂತ ಆಮೇಲೆ ಲಾಕನ್ನು ಬೈಯುತ್ತಾರೆ. 1 ಚದರ ಮಿಮೀ ತಾಮ್ರದ ವೈರ್ ಎಳೆದಿದ್ದರೆ ಅರ್ಧ ವೋಲ್ಟಿನಷ್ಟು ಹೋಗುತ್ತಿತ್ತು. ಬಾಗಿಲು ಹಿಡಿದಿರುವಾಗಲೇ ಲಾಕಿನ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ, ಎಸ್‌ಎಂಪಿಎಸ್ ಹತ್ತಿರ ಅಲ್ಲ.

ಲಾಕಿನ ಎರಡು ಕಾಲಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಹಾಕಿ, ಬೆಳ್ಳಿ ಪಟ್ಟಿ ಪ್ಲಸ್ ಕಡೆಗೆ. ಲಾಕ್ ಆಫ್ ಆಗುವಾಗ ಕಾಯಿಲ್ ಹಿಂದಕ್ಕೆ ಒದೆಯುವ ವೋಲ್ಟೇಜ್ ರಿಲೇಯ ಪಾಯಿಂಟ್ ಸುಡುತ್ತದೆ, ಕಂಟ್ರೋಲರನ್ನು ರೀಸೆಟ್ ಮಾಡುತ್ತದೆ. ಸುಟ್ಟು ಅಂಟಿಕೊಂಡ ರಿಲೇ ಅಂದರೆ ಏನು? ಎಕ್ಸಿಟ್ ಬಟನ್ ಒತ್ತಿದರೂ ತೆರೆಯದ ಬಾಗಿಲು. ಮತ್ತೆ ಅಲ್ಲಿಗೇ ಬಂದೆವು. ಬಾಗಿಲಿಗೆ ಹಾಕುವ ಕಬ್ಬಿಣದ ಪಟ್ಟಿಯನ್ನೂ ಬಿಗಿಯಾಗಿ ತಿರುಚಿ ಕೂರಿಸಬೇಡಿ. ನಡುವಿನ ಬೋಲ್ಟಿಗೆ ಕೊಟ್ಟಿರುವ ರಬ್ಬರ್ ವಾಷರ್ ಇರಲಿ, ಪಟ್ಟಿ ಸ್ವಲ್ಪ ಅಲ್ಲಾಡುವಂತಿದ್ದರೇ ಅದು ಮ್ಯಾಗ್ನೆಟ್ಟಿಗೆ ಸಪಾಟಾಗಿ ಕೂರುವುದು. ಚೌಕಟ್ಟಿಲ್ಲದ ಗಾಜಿಗೆ ಗಾಜನ್ನು ಕಚ್ಚುವ ಯು ಬ್ರಾಕೆಟ್, ಒಳಗೆ ತೆರೆಯುವ ಬಾಗಿಲಿಗೆ ಝಡ್‌ಎಲ್ ಬ್ರಾಕೆಟ್. ಬಾಗಿಲನ್ನು ತಾನಾಗಿ ಮುಚ್ಚುವ ಡೋರ್ ಕ್ಲೋಸರ್ ಇಲ್ಲದ ಕಡೆ ಇದ್ಯಾವುದನ್ನೂ ಹಾಕಲೇಬೇಡಿ.

"ಬ್ರೇಕ್ ಗ್ಲಾಸ್ ಇಟ್ಟರೆ ಹುಡುಗಿಯರು ರಾತ್ರಿ ಒತ್ತಿಕೊಂಡು ಹೋಗ್ತಾರೆ" ಅನ್ನುವ ವಾದವನ್ನೂ ಕೇಳಿ ಸಾಕಾಗಿದೆ. ಅದರ ಮೇಲೆ ಪಾರದರ್ಶಕ ಮುಚ್ಚಳ ಹಾಕಿ, ಎತ್ತಿದರೆ ಕಿರುಚುವ ಬಜರ್ ಕಟ್ಟಿ. ಯಾರು ಎಷ್ಟು ಹೊತ್ತಿಗೆ ಹೋದರು ಅನ್ನುವುದು ವಾರ್ಡನ್‌ಗೆ ತಿಳಿದರೆ ಸಾಕು. ನೂರು ಜನ ಮಲಗುವ ಕಟ್ಟಡದಲ್ಲಿ ಶಿಸ್ತು ಕಾಯುವ ಕೆಲಸವನ್ನು ಮ್ಯಾಗ್ನೆಟ್ಟಿಗೆ ಒಪ್ಪಿಸುವುದು ತಪ್ಪು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಹಾಗಂತ ವೈರ್‌ಲೆಸ್ ಮೇಲೆ ನನಗೆ ಸಿಟ್ಟಿಲ್ಲ, ಕೋಣೆಗಳ ಬಾಗಿಲಿಗೆ ಅದು ಚಿನ್ನದಂಥ ವ್ಯವಸ್ಥೆ. ಬ್ಯಾಟರಿ ಲಾಕಿನ ಒಳಹಿಡಿ ತಿರುಗಿಸಿದರೆ ಕರೆಂಟೇ ಬೇಕಿಲ್ಲ, ನಾಲಿಗೆ ತಾನೇ ಹಿಂದಕ್ಕೆ ಬರುತ್ತದೆ. ಹಾಗೆ ಬರುತ್ತದಾ ಅಂತ ಅಂಗಡಿಯಲ್ಲೇ ಬ್ಯಾಟರಿ ಬಿಚ್ಚಿ ತಿರುಗಿಸಿ ನೋಡಿ ತೆಗೆದುಕೊಳ್ಳಿ. ಬಾಗಿಲಿನ ದಪ್ಪ ಮೊದಲೇ ಅಳೆಯಿರಿ. ಸಾಮಾನ್ಯವಾಗಿ 35ರಿಂದ 45 ಮಿಮೀ ಇದ್ದರೆ ಸಮಸ್ಯೆಯಿಲ್ಲ, ತೆಳು ಬಾತ್‌ರೂಮ್ ಬಾಗಿಲಿನಂಥದ್ದಕ್ಕೆ ಕೂರುವುದಿಲ್ಲ. ಮಳೆಗಾಲದಲ್ಲಿ ಮರ ಊದಿಕೊಳ್ಳುತ್ತದೆ, ಅದಕ್ಕೆ ಚೌಕಟ್ಟಿನ ತೂತಿನಲ್ಲಿ ಒಂದೆರಡು ಮಿಮೀ ಸಡಿಲ ಬಿಡಿ. 4 ಡಬಲ್ ಎ ಶೆಲ್ ಹಾಕುವ ಕಡೆ ಆಲ್ಕಲೈನ್ ಮಾತ್ರ ಹಾಕಿ, ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಚಾರ್ಜ್ ಮಾಡುವ ಸಾಮಾನ್ಯ ಶೆಲ್ 1.2 ವೋಲ್ಟಿನದು, ಲಾಕ್ ಅದನ್ನು ಬಹಳ ಸಲ ಖಾಲಿ ಅಂತ ತಪ್ಪಾಗಿ ಓದುತ್ತದೆ.

ಲಾಕುಗಳನ್ನು ಇಂಟರ್ನೆಟ್ಟಿಗೆ ಜೋಡಿಸುವ ಗೇಟ್‌ವೇಯನ್ನು ಮಹಡಿಗೊಂದರಂತೆ ಪಡಸಾಲೆಯಲ್ಲಿ ಇಡಿ, ರೂಟರ್ ಜೊತೆ ಅದಕ್ಕೂ ಯುಪಿಎಸ್ ಕೊಡಿ. ಲಿಫ್ಟ್ ಗೋಡೆಯ ಹಿಂದೆ, ಕಬ್ಬಿಣದ ಬೀರುವಿನ ಮೇಲೆ ಇಟ್ಟರೆ 2.4 ಗಿಗಾಹರ್ಟ್ಸ್ ಸಿಗ್ನಲ್ ದಾಟುವುದಿಲ್ಲ. ವಸಂತನರಸಾಪುರ ಕೈಗಾರಿಕಾ ಪ್ರದೇಶದ ತಗಡಿನ ಶೆಡ್ಡುಗಳಲ್ಲಂತೂ ಪ್ರತಿ ಬಾಗಿಲ ಹತ್ತಿರವೂ ಸಿಗ್ನಲ್ ನೋಡದೆ ಒಂದು ತೂತೂ ಕೊರೆಯಬೇಡಿ. ಗೇಟ್‌ವೇ ಆಫ್ ಆದರೂ ಲಾಕ್ ತನ್ನಲ್ಲಿರುವ ಕಾರ್ಡುಗಳಿಗೆ ತೆರೆಯುತ್ತಲೇ ಇರುತ್ತದೆ. ಆದರೆ ಕಳೆದುಹೋದ ಕಾರ್ಡನ್ನು ಆ್ಯಪಿನಲ್ಲಿ ಅಳಿಸಿದ್ದು ಅದಕ್ಕೆ ತಲುಪುವುದಿಲ್ಲ. ಇನ್ನು 125 ಕಿಲೋಹರ್ಟ್ಸ್‌ನ ಹಳೇ ಕಾರ್ಡ್ ಬೇಡವೇ ಬೇಡ, ಅದರ ನಕಲು ಕ್ಷಣದಲ್ಲಿ ಆಗುತ್ತದೆ. ರಿಲೇ ಒಳಗೇ ಇರುವ ರೀಡರನ್ನು ಹೊರಗೋಡೆಗೆ ಹಾಕಿದರೆ, ನಾಲ್ಕು ಸ್ಕ್ರೂ ಬಿಚ್ಚಿ ವೈರಿಗೆ ಕೈಹಾಕಿದವನಿಗೆ ಬಾಗಿಲು ತೆರೆದಂತೆಯೇ. ಕಂಟ್ರೋಲರ್ ಬೇರೆ ಪೆಟ್ಟಿಗೆಯಲ್ಲಿ, ಒಳಗಡೆ ಇರಲಿ.

ಕಟ್ಟಡದ ಮಾಲೀಕರೇ, ಕೊನೆಯ ಕಂತು ಕೊಡುವ ಮೊದಲು ಕೆಲಸ ಮಾಡಿದವರನ್ನು ಎದುರಿಗೆ ನಿಲ್ಲಿಸಿಕೊಂಡು ಇಷ್ಟು ಮಾಡಿಸಿ. ರೂಟರ್ ಆಫ್ ಮಾಡಿ ಹೊರಗೆ ಹೋಗಿ ನೋಡಿ. ಮೇನ್ ಇಳಿಸಿ, ಬ್ಯಾಟರಿಯಲ್ಲಿ ಲಾಕ್ ಹಿಡಿದಿರುವಾಗ ಬ್ರೇಕ್ ಗ್ಲಾಸ್ ಒತ್ತಿ. ಆಮೇಲೆ ಕಂಟ್ರೋಲರಿನ ರಿಲೇಯ ಎರಡು ವೈರ್ ಒಂದಕ್ಕೊಂದು ಸೇರಿಸಿ, ಅಂದರೆ ರಿಲೇ ಅಂಟಿಕೊಂಡಂತೆ ಮಾಡಿ, ಮತ್ತೊಮ್ಮೆ ಒತ್ತಿ. ಮೂರು ಸಲವೂ ಬಾಗಿಲು ಬಿಟ್ಟರೆ ದುಡ್ಡು ಕೊಡಿ. ಬ್ಯಾಟರಿಯ ಮೈಮೇಲೆ ಹಾಕಿದ ತಿಂಗಳು, ವರ್ಷ ಮಾರ್ಕರಿನಲ್ಲಿ ಬರೆಸಿ, ಎರಡು ಮೂರು ವರ್ಷಕ್ಕೆ ಅದನ್ನು ಬದಲಿಸಿ. ಬ್ರೇಕ್ ಗ್ಲಾಸನ್ನು ಮತ್ತೆ ಮೊದಲ ಸ್ಥಿತಿಗೆ ತರುವ ಪ್ಲಾಸ್ಟಿಕ್ ಕೀ ವಾರ್ಡನ್ ಹತ್ತಿರ ಒಂದು, ನಿಮ್ಮ ಹತ್ತಿರ ಒಂದು ಇರಲಿ.