ಸುಮ್ನೆ ಬಿಎ

ಕಳೆದ ಮೇ ತಿಂಗಳಲ್ಲಿ ಮದುವೆಯೊಂದಕ್ಕೆ ಊರಿಗೆ ಹೋಗಿದ್ದೆವು. ನಂಜನಗೂಡಿನ ಛತ್ರ, ಎರಡನೇ ಪಂಕ್ತಿ. ನನ್ನ ಎಡಕ್ಕೆ ಮಗಳು, ಅವಳ ಆಚೆಗೆ ನನ್ನ ಅಕ್ಕನ ಮಗ. ಎದುರು ಸಾಲಿನಲ್ಲಿ ಕೂತಿದ್ದ ದೂರದ ನೆಂಟರೊಬ್ಬರು ಕೋಸಂಬರಿ ಬಡಿಸುವಷ್ಟರಲ್ಲೇ ಮಾತು ತೆಗೆದರು. "ಏನಮ್ಮಾ ಓದ್ತಿದೀಯ?" ಮಗಳು ತಲೆಯೆತ್ತಿ, "ಪೊಲಿಟಿಕಲ್ ಸೈನ್ಸ್ ಆನರ್ಸ್, ಡೆಲ್ಲಿ ಯೂನಿವರ್ಸಿಟಿ" ಅಂದಳು. "ನೀನಪ್ಪಾ?" ಹುಡುಗ ಎಲೆಯ ತುದಿಯ ಉಪ್ಪನ್ನೇ ನೋಡುತ್ತಾ, "ಸುಮ್ನೆ ಬಿಎ" ಅಂದ.

ಇಬ್ಬರೂ ಓದುತ್ತಿರುವುದು ಒಂದೇ ಶಾಸ್ತ್ರ. ಅವನದು ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಮೂರರಲ್ಲಿ ಅವನಿಗೆ ಇಷ್ಟವಾದದ್ದು ರಾಜ್ಯಶಾಸ್ತ್ರವೇ ಅಂತ ನನಗೆ ಗೊತ್ತು. ಆದರೂ ಬಾಯಿಗೆ ಬಂದದ್ದು 'ಸುಮ್ನೆ'. ಪಾಯಸ ಬರುವ ತನಕವೂ ಆ ಮಾತು ನನ್ನ ಗಂಟಲಿನಿಂದ ಇಳಿಯಲಿಲ್ಲ.

ಹಾಗೆ ಹೇಳು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ನಿಜ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನವೇ ನಮ್ಮ ಕಡೆ ಅದು ತೀರ್ಮಾನವಾಗುತ್ತೆ. ಒಳ್ಳೆ ಮಾರ್ಕ್ಸ್ ಬಂದರೆ ಸೈನ್ಸ್, ಸುಮಾರಾದರೆ ಕಾಮರ್ಸ್, ಮಿಕ್ಕವರಿಗೆ ಆರ್ಟ್ಸ್. ಆರ್ಟ್ಸ್ ತೆಗೆದುಕೊಂಡ ಹುಡುಗನ ಮನೆಯವರು ತಾವಾಗಿ ಆ ವಿಷಯ ಎತ್ತುವುದಿಲ್ಲ. ಮೂವತ್ತು ವರ್ಷದ ಹಿಂದೆ ನಾನೂ ಇದೇ ಮೂರು ವಿಷಯ ಓದಿದವನು. ನಮ್ಮಪ್ಪನನ್ನು ಯಾರಾದರೂ ಕೇಳಿದರೆ, "ಡಿಗ್ರಿ ಮಾಡ್ತಾವ್ನೆ" ಅಂತಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು.

ಸ್ಟಾಫ್ ಸೆಲೆಕ್ಷನ್ ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಕೆಲಸಕ್ಕೆ ದೆಹಲಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಇಲ್ಲಿ ಈ ವಿಷಯಕ್ಕಿರುವ ಮರ್ಯಾದೆ ನನಗೆ ಅರ್ಥವಾಗಿದ್ದು ಮಗಳು ದೊಡ್ಡವಳಾದ ಮೇಲೆ. 2021ರಲ್ಲಿ ಹಿಂದೂ ಕಾಲೇಜು ರಾಜ್ಯಶಾಸ್ತ್ರ ಆನರ್ಸ್‌ಗೆ ಮೊದಲ ಪಟ್ಟಿಯಲ್ಲಿ ಕೇಳಿದ್ದು ನೂರಕ್ಕೆ ನೂರು ಅಂಕ. ಅದರ ಹಿಂದಿನ ವರ್ಷ ಲೇಡಿ ಶ್ರೀರಾಮ್ ಕಾಲೇಜಿನದ್ದೂ ಅದೇ ಲೆಕ್ಕ. 2022ರಿಂದ ಪಿಯುಸಿ ಅಂಕ ಬಿಟ್ಟು ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆಯ ಮೇಲೆ ಸೀಟು ಕೊಡುತ್ತಿದ್ದಾರೆ, ನೂಕುನುಗ್ಗಲು ಮಾತ್ರ ಕಡಿಮೆಯಾಗಿಲ್ಲ. ಮಗಳಿಗೆ ಸೀಟು ಸಿಕ್ಕ ದಿನ ಆಫೀಸಿನಲ್ಲಿ ಪಕ್ಕದ ಟೇಬಲಿನ ಬಿಹಾರದವರು ಇಡೀ ಸೆಕ್ಷನ್ನಿಗೆ ಲಡ್ಡು ಹಂಚಿದರು, ತಮ್ಮ ಮನೆಯ ಹುಡುಗಿಗೇ ಸಿಕ್ಕಿತು ಅನ್ನುವ ಹಾಗೆ. ಊರಿಗೆ ಫೋನ್ ಮಾಡಿ ಹೇಳಿದಾಗ ಅತ್ತಲಿಂದ ಬಂದ ಮೊದಲ ಮಾತು, "ಅಯ್ಯೋ, ಸೈನ್ಸ್ ಬಿಟ್ಬಿಟ್ಳಾ?"

ಮರ್ಯಾದೆಯ ಮಾತು ಹಾಗಿರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇಲ್ಲಿ ಓದುವ ಕ್ರಮ. ಮೊದಲ ಸೆಮಿಸ್ಟರಿನಲ್ಲಿ ಮಗಳು ಇಟ್ಟಿಗೆ ದಪ್ಪದ ಒಂದು ಕಟ್ಟು ತಂದಳು. ಸ್ಪೈರಲ್ ಬೈಂಡ್ ಮಾಡಿದ ಜೆರಾಕ್ಸ್ ಹಾಳೆಗಳು. ಯಾವುದೋ ಪುಸ್ತಕದ ಒಂದು ಅಧ್ಯಾಯ, ಇನ್ಯಾವುದೋ ಪತ್ರಿಕೆಯ ಒಂದು ಲೇಖನ, ಹೀಗೆ. ಹಾಳೆಯ ಅಂಚು ಕಪ್ಪಗೆ ಮಸಿ ಹಿಡಿದಿದೆ. ಎಷ್ಟೋ ವರ್ಷದ ಹಿಂದೆ ಯಾರೋ ಪೆನ್ಸಿಲ್ಲಿನಲ್ಲಿ ಎಳೆದ ಗೆರೆ, ಪಕ್ಕದಲ್ಲಿ ಹಾಕಿದ ಪ್ರಶ್ನೆಚಿಹ್ನೆ, ಎಲ್ಲವೂ ಜೆರಾಕ್ಸ್ ಆಗಿ ಬಂದಿವೆ. ಇಲ್ಲಿ ಇದನ್ನು ಕೋರ್ಸ್ ಪ್ಯಾಕ್ ಅನ್ನುತ್ತಾರೆ. ಇಂಥ ಕಟ್ಟು ಮಾಡಿಕೊಡುತ್ತಿದ್ದ ಕ್ಯಾಂಪಸ್ಸಿನ ಜೆರಾಕ್ಸ್ ಅಂಗಡಿಯೊಂದರ ಮೇಲೆ 2012ರಲ್ಲಿ ದೊಡ್ಡ ದೊಡ್ಡ ಪ್ರಕಾಶಕರು ಕಾಪಿರೈಟ್ ಕೇಸು ಹಾಕಿದ್ದರು. ವಿದ್ಯಾರ್ಥಿಗಳು, ಮೇಷ್ಟರುಗಳು ಅಂಗಡಿಯ ಪರ ನಿಂತರು. 2016ರಲ್ಲಿ ದೆಹಲಿ ಹೈಕೋರ್ಟ್ ಪ್ರಕಾಶಕರ ದಾವೆಯನ್ನು ವಜಾ ಮಾಡಿತು. ಓದುವ ಹಾಳೆಗಾಗಿ ಕೋರ್ಟಿನ ತನಕ ಹೋದ ಜಾಗ ಇದು.

ಆ ಕಟ್ಟನ್ನು ಒಂದು ಭಾನುವಾರ ತಿರುವಿ ಹಾಕುತ್ತಿದ್ದಾಗ ರಾಂಪುರ ಅನ್ನುವ ಹೆಸರು ಕಂಡಿತು. ಮೈಸೂರಿಗೆ ಹತ್ತಿರದ ಹಳ್ಳಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಅಲ್ಲಿ ಹೋಗಿ ತಿಂಗಳುಗಟ್ಟಲೆ ಇದ್ದು, ಕಂಡದ್ದನ್ನೆಲ್ಲ ಬರೆದುಕೊಂಡರು. ರಾಂಪುರ ಅವರು ಇಟ್ಟ ಹೆಸರು. ಹಳ್ಳಿ ನಿಜ, ಜನ ನಿಜ. ಊರಿನಲ್ಲಿ ಯಾರ ತಲೆಯೆಣಿಕೆ ಹೆಚ್ಚು, ಯಾರ ಕೈಯಲ್ಲಿ ಜಮೀನಿದೆ, ಯಾರ ಮಾತು ನಡೆಯುತ್ತೆ ಅಂತ ನೋಡಿ 'ಪ್ರಬಲ ಜಾತಿ' ಅನ್ನುವ ವಿಚಾರವನ್ನು ಅವರು ಬೆಳೆಸಿದ್ದು ಆ ಹಳ್ಳಿಯ ಒಕ್ಕಲಿಗರನ್ನು ಕಂಡು. ಟಿವಿಯಲ್ಲಿ ದಿನ ಬೆಳಗಾದರೆ ಕೇಳುವ 'ವೋಟ್ ಬ್ಯಾಂಕ್' ಅನ್ನುವ ಮಾತನ್ನು 1955ರ ಅವರ ಲೇಖನದಲ್ಲೇ ಕಾಣಬಹುದು. ಆಗ ಅದರ ಅರ್ಥವೇ ಬೇರೆ. ಇಡೀ ಸಮುದಾಯವನ್ನು ಹಾಗೆ ಕರೆಯುತ್ತಿರಲಿಲ್ಲ. ತನ್ನ ಒಕ್ಕಲು, ತನ್ನ ಹಂಗಿನವರ ಓಟನ್ನು ಒಟ್ಟಿಗೆ ತಂದು ಹಾಕಿಸಬಲ್ಲ ಊರಿನ ಯಜಮಾನ, ಅವನ ಸುತ್ತ ಹುಟ್ಟಿದ ಮಾತು ಅದು. ಅದೇ ಶ್ರೀನಿವಾಸ್ 1959ರಲ್ಲಿ ದೆಹಲಿಗೆ ಬಂದು, ಮಗಳು ಈಗ ಓಡಾಡುವ ಕ್ಯಾಂಪಸ್ಸಿನಲ್ಲೇ ಸಮಾಜಶಾಸ್ತ್ರ ವಿಭಾಗ ಕಟ್ಟಿದರು.

ನಾನು ಹುಟ್ಟಿ ಬೆಳೆದದ್ದು ಮೈಸೂರು ಜಿಲ್ಲೆಯಲ್ಲಿ. ಮೂರು ವರ್ಷ ರಾಜ್ಯಶಾಸ್ತ್ರ ಓದಿದವನು. ಈ ಹಳ್ಳಿಯ ಹೆಸರನ್ನು ಒಂದು ದಿನವೂ ತರಗತಿಯಲ್ಲಿ ಕೇಳಲಿಲ್ಲ. ದೆಹಲಿಯ ಬಾಡಿಗೆ ಮನೆಯಲ್ಲಿ ಕೂತು, ಮಗಳ ಜೆರಾಕ್ಸಿನಲ್ಲಿ, ಐವತ್ತು ದಾಟಿದ ಮೇಲೆ ಓದಿದೆ. ಖುಷಿಯಾಯಿತು, ಹಿಂದೆಯೇ ಸಿಟ್ಟೂ ಬಂತು. ಸಿಟ್ಟು ಇನ್ನೂ ಹೋಗಿಲ್ಲ.

ಮದುವೆ ಮುಗಿದ ರಾತ್ರಿ ಅಕ್ಕನ ಮನೆಯಲ್ಲಿ ಹುಡುಗನ ನೋಟ್ಸ್ ಕೇಳಿ ನೋಡಿದೆ. ಇನ್ನೂರು ಪುಟದ ಪುಸ್ತಕ, ಮುತ್ತಿನಂಥ ಅಕ್ಷರ, ಕೆಂಪು ಇಂಕಿನಲ್ಲಿ ತಲೆಬರಹ. 'ರಾಜ್ಯ ಎಂದರೇನು? ಅದರ ಮೂಲಾಂಶಗಳನ್ನು ವಿವರಿಸಿ.' ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ. 'ಗಾರ್ನರ್‌ರವರ ಪ್ರಕಾರ', 'ಲಾಸ್ಕಿಯವರ ಪ್ರಕಾರ'. ನಾನು ಬರೆದುಕೊಂಡಿದ್ದ ಸಾಲುಗಳೇ, ಅದೇ ಅನುಕ್ರಮದಲ್ಲಿ. ಮೇಷ್ಟರು ಹೇಳುತ್ತಾ ಹೋಗುತ್ತಾರೆ, ಹುಡುಗರು ಬರೆಯುತ್ತಾ ಹೋಗುತ್ತಾರೆ, ಬೆಲ್ ಹೊಡೆಯುತ್ತೆ. ಪಂಚಾಯಿತಿಗಳ ಬಗೆಗಿನ ಸಂವಿಧಾನದ 73ನೇ ತಿದ್ದುಪಡಿಗೂ ಒಂದು ಪುಟ: 1992ರಲ್ಲಿ ಅಂಗೀಕಾರ, 1993ರ ಏಪ್ರಿಲ್ 24ರಿಂದ ಜಾರಿ, ಮೂರು ಹಂತ, ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯ, ಮಹಿಳೆಯರಿಗೆ ಮೂರನೇ ಒಂದರಷ್ಟು ಮೀಸಲು. ನಮ್ಮ ರಾಜ್ಯದಲ್ಲಿ 2010ರಿಂದ ಅದು ಅರ್ಧಕ್ಕೆ ಏರಿದೆ. ಹುಡುಗನಿಗೆ ಅದು ಗೊತ್ತು, ಪಂಚಾಯಿತಿಯಲ್ಲಿ ಅರ್ಧ ಜನ ಹೆಂಗಸರೇ ಕೂರುವುದನ್ನು ಕಣ್ಣಾರೆ ಕಂಡಿದ್ದಾನೆ. ನೋಟ್ಸಿನಲ್ಲಿ ಮಾತ್ರ ಇಲ್ಲ.

ಆಮೇಲೆ ಜಗಲಿಯಲ್ಲಿ ಇಬ್ಬರೂ ಮಾತಿಗೆ ಕೂತರು. ಮಗಳು ನಿಮ್ಮೂರ ಪಂಚಾಯಿತಿ ಹೇಗೆ ನಡೆಯುತ್ತೆ ಅಂತ ಕೇಳಿದಳು. ಎಲೆಯ ಮುಂದೆ ಬಾಯಿ ಬಿಡದ ಹುಡುಗ ಒಂದೂವರೆ ಗಂಟೆ ಮಾತಾಡಿದ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಆಟೋ, ಹೊಲಿಗೆ ಮೆಷಿನ್ ಅಂತ ಕೊಡ್ತಾರೆ, ಆದರೆ ಯಾವ ಆಟೋ ಯಾವ ಪಕ್ಷದ್ದು ಅಂತ ಬೀದಿಯ ಮಗುವಿಗೂ ಗೊತ್ತು ಅಂದ. ಮೂವತ್ತು ತಿಂಗಳಿಗೆ ಅಧ್ಯಕ್ಷ ಸ್ಥಾನದ ಮೀಸಲಾತಿ ಬದಲಾಗುತ್ತಲ್ಲ, ಎರಡನೇ ಅವಧಿಗೆ ಅವರಲ್ಲಿ ಪರಿಶಿಷ್ಟ ಜಾತಿ ಮಹಿಳೆಗೆ ಬಂತು. ಇದ್ದ ಸದಸ್ಯೆ ಒಬ್ಬರೇ. ಹಾಗಾಗಿ ಅಧ್ಯಕ್ಷಗಿರಿಗೆ ಪೈಪೋಟಿಯೇ ಇಲ್ಲ. ಜಗಳವೆಲ್ಲ ಉಪಾಧ್ಯಕ್ಷನ ಕುರ್ಚಿಗೆ ಬಂದು ನಿಂತಿತು. ಯಾರು ರಾತ್ರಿ ಯಾರ ಮನೆಗೆ ಹೋದರು, ಸದಸ್ಯರು ಮೂರು ದಿನ ಎಲ್ಲಿದ್ದರು, ಕೊನೆಗೆ ಚೆಕ್ಕಿಗೆ ಸಹಿ ಯಾರದು, ಮಾತು ಯಾರದು, ಎಲ್ಲವನ್ನೂ ಬಿಡಿಸಿ ಹೇಳಿದ. ಮಗಳು ಫೋನ್ ತೆಗೆದು ಟೈಪ್ ಮಾಡಿಕೊಳ್ಳತೊಡಗಿದಳು. "ಅಪ್ಪಾ, ನಮ್ಮ ಟ್ಯುಟೋರಿಯಲ್‌ನಲ್ಲಿ ಯಾರಿಗೂ ಇದು ಗೊತ್ತಿಲ್ಲ" ಅಂದಳು. ಟ್ಯುಟೋರಿಯಲ್ ಅಂದರೆ ಸಣ್ಣ ಗುಂಪಿನಲ್ಲಿ ಕೂತು ಚರ್ಚೆ ಮಾಡುವ ತರಗತಿ. ಮಗಳು ಬರೆದುಕೊಟ್ಟ ಉತ್ತರದ ಅಂಚಿನಲ್ಲಿ ಅವಳ ಮೇಡಂ "ಇದು ಲೇಖಕರ ಮಾತು, ನಿನ್ನ ಮಾತೆಲ್ಲಿ?" ಅಂತ ಬರೆದು ವಾಪಸ್ ಕೊಡುತ್ತಾರೆ. ಊರಿನಲ್ಲಿ ಸ್ವಂತ ಮಾತು ಬೇಕಾದಷ್ಟು ಇರುವ ಹುಡುಗನನ್ನು ಯಾರೂ ಕೇಳುವವರಿಲ್ಲ.

ನನಗೆ ತಡೆಯಲಾಗದ್ದು ಇದೇ. ದಿವಾನ್ ರಂಗಾಚಾರ್ಲು 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಕರೆದ ಸೀಮೆ ನಮ್ಮದು. 73ನೇ ತಿದ್ದುಪಡಿಗೆ ಐದಾರು ವರ್ಷ ಮೊದಲೇ, 1987ರಲ್ಲಿ, ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲದಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ ನಡೆಸಿ ಹೆಂಗಸರಿಗೆ ನಾಲ್ಕನೇ ಒಂದು ಪಾಲು ಇಟ್ಟವರು ನಾವು. ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಮೈಸೂರಿನಲ್ಲಿದೆ, ಹುಡುಗನ ಕಾಲೇಜಿನಿಂದ ಒಂದು ಗಂಟೆಯ ಬಸ್ಸು. ಮೂರು ವರ್ಷದಲ್ಲಿ ಒಂದು ದಿನ ಕರೆದುಕೊಂಡು ಹೋಗಿ ತೋರಿಸಬಾರದೇ? ಮಣಿಪುರದಿಂದ, ಕೇರಳದಿಂದ ಬಂದ ಮಕ್ಕಳು ಮಗಳ ತರಗತಿಯಲ್ಲಿ ಬೊಮ್ಮಾಯಿ ಪ್ರಕರಣವನ್ನು ಹಿಡಿದು ವಾದ ಮಾಡುತ್ತಾರೆ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಕೇಂದ್ರ ಕಿತ್ತು ಹಾಕಿದ್ದು, 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತ ಇದೆಯೋ ಇಲ್ಲವೋ ಸದನದಲ್ಲೇ ತೀರ್ಮಾನವಾಗಲಿ ಅಂದದ್ದು, ಎಲ್ಲ ಅವರಿಗೆ ಬಾಯಿಪಾಠ. ನಮ್ಮ ಹುಡುಗನಿಗೆ ಅವರು ಬಸವರಾಜ ಬೊಮ್ಮಾಯಿಯವರ ತಂದೆ ಅನ್ನುವಷ್ಟು ಗೊತ್ತು.

ಮೇಷ್ಟರುಗಳನ್ನು ಬೈದು ಪ್ರಯೋಜನವಿಲ್ಲ. ಅವನ ಕಾಲೇಜಿನಲ್ಲಿ ಈ ವಿಷಯಕ್ಕಿರುವವರು ಇಬ್ಬರೂ ಅತಿಥಿ ಉಪನ್ಯಾಸಕರು. ಒಬ್ಬರು ಎರಡು ಕಾಲೇಜಿಗೆ ಓಡಾಡುತ್ತಾರೆ. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರು ಓದಿನ ಪಟ್ಟಿ ಎಲ್ಲಿ ಮಾಡಿಯಾರು? ಅದರ ಮೇಲೆ ಸಿಲಬಸ್ಸಿನ ಓಲಾಟ. ಅವನ ಅಕ್ಕ 2021ರಲ್ಲಿ ಸೇರಿದಾಗ ನಾಲ್ಕು ವರ್ಷದ ಆನರ್ಸ್ ಅಂದರು, ಎರಡು ಮುಖ್ಯ ವಿಷಯ ಸಾಕು ಅಂದರು. ಇವನು 2024ರಲ್ಲಿ ಸೇರುವಷ್ಟರಲ್ಲಿ ಮತ್ತೆ ಮೂರು ವರ್ಷ, ಮೂರು ವಿಷಯ. ಒಂದೇ ಮನೆಯಲ್ಲಿ ಅಕ್ಕನ ಪುಸ್ತಕ ತಮ್ಮನಿಗೆ ಆಗಲಿಲ್ಲ.

ದೆಹಲಿಯಲ್ಲಿ ಎಲ್ಲ ಸರಿಯಾಗಿದೆ ಅಂತಲ್ಲ. ಪರೀಕ್ಷೆ ಹತ್ತಿರ ಬಂದಾಗ ಕ್ಯಾಂಪಸ್ಸಿನ ಪಕ್ಕದ ಪಟೇಲ್ ಚೆಸ್ಟ್ ಕಡೆಯ ಅಂಗಡಿಗಳಲ್ಲಿ ಹಳೇ ಪ್ರಶ್ನೆಪತ್ರಿಕೆಗೆ, ರೆಡಿಮೇಡ್ ಉತ್ತರಕ್ಕೆ ಇಲ್ಲಿಯ ಮಕ್ಕಳೂ ಮುಗಿಬೀಳುತ್ತಾರೆ. ಮಗಳ ಸಹಪಾಠಿಗಳಲ್ಲಿ ಎಷ್ಟೋ ಜನರ ಕಣ್ಣು ಮುಖರ್ಜಿ ನಗರದ ಕೋಚಿಂಗ್ ಮೇಲೆ, ಐಎಎಸ್ ಮೇಲೆ. ಹಿಂದಿ ಮಾಧ್ಯಮದಿಂದ ಬಂದವರು ಆ ಇಂಗ್ಲಿಷ್ ಕಟ್ಟನ್ನು ಮುಂದಿಟ್ಟುಕೊಂಡು ಇಡೀ ಸೆಮಿಸ್ಟರ್ ಮಾತೇ ಆಡುವುದಿಲ್ಲವಂತೆ. ಅವರ ಪಾಲಿಗೆ ಟ್ಯುಟೋರಿಯಲ್ ಇದ್ದರೂ ಇಲ್ಲದಂತೆಯೇ.

ಇನ್ನೊಂದನ್ನೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ಮಾರನೇ ದಿನ ಬೆಳಗ್ಗೆ ಹೂ ಕಟ್ಟುತ್ತಾ ಕೂತಿದ್ದ ನಮ್ಮಮ್ಮ ಮೊಮ್ಮಗಳನ್ನು, "ಅದೇನು ಓದ್ತೀಯೇ, ನನಗೂ ಒಸಿ ಹೇಳು" ಅಂದರು. ಮಗಳು ಶುರು ಮಾಡಿದಳು, ಸಾವರಿಂಟಿ ಅಂದಳು, ಲೆಜಿಟಿಮೆಸಿ ಅಂದಳು, ನಿಂತಳು. ಕನ್ನಡದಲ್ಲಿ ಅವಳ ಹತ್ತಿರ ಮಾತಿಲ್ಲ. ನಾನೇ ಕಲಿಸಲಿಲ್ಲ. ಹುಡುಗ ನಡುವೆ ಬಂದು, "ಅಜ್ಜಿ, ಪರಮಾಧಿಕಾರ ಅಂದ್ರೆ, ಇದರ ಮೇಲೆ ಇನ್ಯಾರನ್ನೂ ಕೇಳೋ ಹಂಗಿಲ್ಲ ಅನ್ನೋ ಅಧಿಕಾರ. ಹಿಂದೆ ಮಹಾರಾಜರಿಗಿತ್ತು ಅಂತಿದ್ದರಲ್ಲ, ಅವರ ಮೇಲೂ ಬ್ರಿಟಿಷರಿದ್ದರು, ಹಂಗಾಗಿ ಪೂರ್ತಿ ಇರಲಿಲ್ಲ" ಅಂದ. ಅಮ್ಮ ತಲೆದೂಗಿದರು. ನಾನು ಹಿಂದಿನ ರಾತ್ರಿ ಅಷ್ಟು ಬೇಸರಪಟ್ಟು ನೋಡಿದ ಅದೇ ನೋಟ್ಸಿನಿಂದ ಬಂದ ಮಾತು ಅದು. ಅವನ ತರಗತಿಯಲ್ಲಿ ಹುಡುಗಿಯರೇ ಹೆಚ್ಚಂತೆ, ಸುತ್ತಲ ಹಳ್ಳಿಗಳಿಂದ ಈಗ ಟಿಕೆಟ್ಟಿಗೆ ದುಡ್ಡು ಕೊಡದೆ ಸರ್ಕಾರಿ ಬಸ್ಸಿನಲ್ಲಿ ಬರುತ್ತಾರೆ. ಅವರಲ್ಲಿ ಎಷ್ಟೋ ಮನೆಗೆ ಮೊದಲ ಡಿಗ್ರಿ ಇದೇ. ನೂರಕ್ಕೆ ನೂರು ಕೇಳಿದ್ದರೆ, ಕನ್ನಡದಲ್ಲಿ ಪಾಠ ಇಲ್ಲದಿದ್ದರೆ, ಅವರು ಯಾರೂ ಸಂವಿಧಾನದ ಒಂದು ಪುಟವನ್ನೂ ತೆರೆಯುತ್ತಿರಲಿಲ್ಲ.

ಹೊರಡುವಾಗ ಮಗಳು ಆ ಜೆರಾಕ್ಸ್ ಕಟ್ಟಿನ ಜಾತಿ ಮತ್ತು ರಾಜಕಾರಣದ ಭಾಗವನ್ನು ಫೋನಿನಲ್ಲಿ ಹುಡುಗನಿಗೆ ಕಳಿಸಿದಳು. ಮೂರು ತಿಂಗಳು ಸುದ್ದಿಯಿಲ್ಲ. ಹೋದ ವಾರ ರಾತ್ರಿ ಹತ್ತೂವರೆಗೆ ಅವನದೊಂದು ವಾಯ್ಸ್ ಮೆಸೇಜ್. ಡಿಕ್ಷನರಿ ಇಟ್ಟುಕೊಂಡು ಹನ್ನೆರಡು ಪುಟ ಓದಿದ್ದಾನೆ. "ಮಾವ, ರಾಂಪುರದಲ್ಲಿ ಜಮೀನಿದ್ದೋರ ಮಾತೇ ನಡೀತಿತ್ತು ಅಂತಾರೆ. ನಮ್ಮೂರಲ್ಲಿ ಈಗ ಹಂಗಿಲ್ಲ. ಜಮೀನು ಯಾರ್ದು ಅನ್ನೋಕಿಂತ ಬೆಂಗ್ಳೂರಲ್ಲಿ ಕಂಟ್ರಾಕ್ಟ್ ಯಾರ್ದು ಅನ್ನೋದು ಮುಖ್ಯ. ಜಾತಿ ಅದೇ ಇರಬಹುದು, ಬಲ ಬೇರೆ ಕಡೆಯಿಂದ ಬರ್ತಿದೆ. ಇದನ್ನ ಪರೀಕ್ಷೇಲಿ ಬರೆದ್ರೆ ಮಾರ್ಕ್ಸ್ ಕೊಡ್ತಾರಾ?"

ಪರೀಕ್ಷೆಗೆ ಇನ್ನು ಮೂರು ವಾರವಿದೆ. ಬರಿ ಅಂತ ಹೇಳಿದ್ದೀನಿ. ಹೇಳಿದಾಗಿನಿಂದ ಪೇಪರ್ ತಿದ್ದುವವರು ಯಾರೋ ಏನೋ ಅನ್ನುವ ಅಳುಕು.