ನೋಹನ ಕಾಗೆಯ ಕಾಲಿಗೆ ಬಿದ್ದವರು

1802ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೌತ್ ಹ್ಯಾಡ್ಲಿಯಲ್ಲಿ ಹೊಲ ಉಳುತ್ತಿದ್ದ ಪ್ಲೈನಿ ಮೂಡಿ ಎಂಬ ಹುಡುಗನ ನೇಗಿಲಿಗೆ, ಮೂರು ಬೆರಳಿನ ಹೆಜ್ಜೆಗಳು ಅಚ್ಚೊತ್ತಿದ್ದ ಕಲ್ಲುಚಪ್ಪಡಿಯೊಂದು ಸಿಕ್ಕಿತು. ಅದನ್ನು ಬಾಗಿಲ ಮೆಟ್ಟಿಲಾಗಿ ಹಾಕಿಕೊಂಡರು. ಇಡೀ ಪ್ರಕರಣದಲ್ಲಿ ನಡೆದ ವಿವೇಕದ ಕೆಲಸ ಬಹುಶಃ ಅದೊಂದೇ. ಏಕೆಂದರೆ ಆಮೇಲೆ ಆ ಹೆಜ್ಜೆಗಳಿಗೆ ಬೈಬಲಿನ 'ನೋಹನ ಕಾಗೆ'ಯ ಹೆಸರು ಅಂಟಿಕೊಂಡಿತು. ಪ್ರಳಯದ ನೀರು ಇಳಿಯಿತೇ ಎಂದು ನೋಡಲು ನೋಹನು ನಾವೆಯಿಂದ ಬಿಟ್ಟ ಕಾಗೆ ಸುದ್ದಿ ತಾರದೇ ಹೋದದ್ದೇಕೆ ಎಂಬ ಪುರಾತನ ಪ್ರಶ್ನೆಗೆ, ಅದು ಕೊಲಂಬಸನಿಗಿಂತ ಮೊದಲೇ ಅಟ್ಲಾಂಟಿಕ್ ದಾಟಿ ಕನೆಕ್ಟಿಕಟ್ ನದಿಕಣಿವೆಯ ಕೆಸರಿನಲ್ಲಿ ಅಡ್ಡಾಡುತ್ತಿತ್ತು ಎಂಬ ಉತ್ತರ ಹೀಗೆ ಪುಕ್ಕಟೆಯಾಗಿ ದೊರೆಯಿತು.

1835ರಲ್ಲಿ ಗ್ರೀನ್‌ಫೀಲ್ಡ್‌ನ ಕಾಲುದಾರಿಗೆ ಚಪ್ಪಡಿ ಹಾಸುತ್ತಿದ್ದ ಡೆಕ್ಸ್ಟರ್ ಮಾರ್ಷ್ ಎಂಬ ಶ್ರಮಿಕ, ಟರ್ಕಿ ಕೋಳಿಯದರಂಥ ಹೆಜ್ಜೆಗಳನ್ನು ಗಮನಿಸಿದ. ವೈದ್ಯ ಜೇಮ್ಸ್ ಡೀನ್ ಈ ಸಂಗತಿಯನ್ನು ಆಮ್ಹರ್ಸ್ಟ್ ಕಾಲೇಜಿನ ಪ್ರಾಧ್ಯಾಪಕ ಎಡ್ವರ್ಡ್ ಹಿಚ್‌ಕಾಕ್‌ಗೆ ಪತ್ರ ಬರೆದು ತಿಳಿಸಿದರು. ಹಿಚ್‌ಕಾಕ್ ಬಂದು, ನೋಡಿ, 1836ರಲ್ಲಿ ಇವು ದೈತ್ಯ ಹಕ್ಕಿಗಳ ಹೆಜ್ಜೆಗಳೆಂದು ಪ್ರಬಂಧ ಪ್ರಕಟಿಸಿಯೇಬಿಟ್ಟರು. ಅಲ್ಲಿಂದ ಜಗಳ. ಕಂಡುಹಿಡಿದ ಕೀರ್ತಿ ಪತ್ರ ಬರೆದವರದೋ ಪ್ರಬಂಧ ಬರೆದವರದೋ ಎಂದು ಇಬ್ಬರು ಗಣ್ಯರು ಪತ್ರಿಕೆಗಳಲ್ಲಿ ಕಿತ್ತಾಡಿದರು. ಚಪ್ಪಡಿಯನ್ನು ಹೊತ್ತು ತಂದು ಹಾಸಿದವನ ಪಾಲು ಎಷ್ಟೆಂದು ಕೇಳುವಷ್ಟು ಅಶಿಸ್ತು ಆ ಸಭ್ಯರ ವಾಗ್ವಾದದಲ್ಲಿ ಇದ್ದಿರಲಾರದು.

ಇಷ್ಟೆಲ್ಲ ಆದ ಮೇಲೆ, ಹಕ್ಕಿಯೇ ಅಲ್ಲ. ಸುಮಾರು 19–20 ಕೋಟಿ ವರ್ಷಗಳ ಹಿಂದೆ ಆ ಕೆಸರನ್ನು ತುಳಿದದ್ದು ಡೈನೋಸಾರ್‌ಗಳು ಎಂಬುದು ಹಿಚ್‌ಕಾಕ್ 1864ರಲ್ಲಿ ತೀರಿಕೊಂಡ ಮೇಲೆ ಖಚಿತವಾಯಿತು. ಅವರ ಹಕ್ಕಿಗಳನ್ನು ನೋಡಿ ಮುಂದಿನವರು ನಕ್ಕರು. ಆದರೆ ಆ ನಗು ಮುಗಿಯುವ ಹೊತ್ತಿಗೆ, ಹಕ್ಕಿಗಳೆಂದರೆ ಅಂಥವೇ ಮೂರು ಬೆರಳಿನ ಮಾಂಸಾಹಾರಿ ಡೈನೋಸಾರ್‌ಗಳ ವಂಶದ ಕುಡಿಗಳೆಂದು ವಿಜ್ಞಾನ ತೀರ್ಮಾನಿಸಿದ್ದರಿಂದ, ನಕ್ಕವರು ನಗುವಿನಲ್ಲಿ ಅರ್ಧವನ್ನಾದರೂ ಹಿಂದಿರುಗಿಸಬೇಕಾಗಿದೆ.

ಈ ಗೊಂದಲವನ್ನೆಲ್ಲ ಬಗೆಹರಿಸಲು ಕಡೆಗೆ ಸರ್ಕಾರವೇ ಬರಬೇಕಾಯಿತು. ಕನೆಕ್ಟಿಕಟ್ ರಾಜ್ಯವು 1991ರಲ್ಲಿ ಇಂಥದೇ ಮೂರು ಬೆರಳಿನ, 'ಯೂಬ್ರಾಂಟಿಸ್' ಎಂದು ಹೆಸರಿಟ್ಟ ಹೆಜ್ಜೆಗುರುತನ್ನು ತನ್ನ ಅಧಿಕೃತ ರಾಜ್ಯ ಪಳೆಯುಳಿಕೆಯೆಂದು ಘೋಷಿಸಿತು. ಈ ಹೆಜ್ಜೆಯನ್ನು ಇಟ್ಟ ಪ್ರಾಣಿ ಯಾವುದೆಂದು ಹೇಳಬಲ್ಲ ಮೂಳೆ ಇನ್ನೂ ಸಿಕ್ಕಿಲ್ಲ. ಹೆಸರು, ವಿಳಾಸ, ಗುರುತಿನ ದಾಖಲೆ ಯಾವುದನ್ನೂ ಹಾಜರುಪಡಿಸದ ಅರ್ಜಿದಾರನೊಬ್ಬನಿಗೆ, ಬರೀ ಕಾಲಿನ ಗುರುತು ನೋಡಿ, ಯಾವ ಕಚೇರಿಯೂ 'ನಾಳೆ ಬಾ' ಎನ್ನದೆ ರಾಜ್ಯ ಗೌರವ ಮಂಜೂರು ಮಾಡಿತು.