ಒಂದು ದಿನವೂ ಮಂತ್ರಿಯಾಗದ ಸಂಸದ: ಆಗಸ್ಟ್ ಬೆಬೆಲ್

ಶಾಸಕರನ್ನೋ ಸಂಸದರನ್ನೋ ಅಳೆಯುವಾಗ ನಾವು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಕ್ಷೇತ್ರಕ್ಕೆ ಎಷ್ಟು ಅನುದಾನ ತಂದರು, ಮಂತ್ರಿಯಾದರೋ ಇಲ್ಲವೋ. ಈ ಲೆಕ್ಕದಲ್ಲಿ ಜರ್ಮನಿಯ ಸೋಷಿಯಲ್ ಡೆಮಾಕ್ರಟ್ ಎಂಬ ಸಮಾಜವಾದಿ ಪಕ್ಷದ ನಾಯಕ ಆಗಸ್ಟ್ ಬೆಬೆಲ್ ಅವರಿಗೆ ಸಿಗುವುದು ಸೊನ್ನೆ. 1867ರಲ್ಲಿ ಮೊದಲ ಸಲ ಸದನಕ್ಕೆ ಕಾಲಿಟ್ಟವರು, ನಡುವೆ ಎರಡು ಸಲ ಸ್ಥಾನ ಕಳೆದುಕೊಂಡ ಅವಧಿಯನ್ನು ಬಿಟ್ಟರೆ, 1913ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೂ ಸದಸ್ಯರಾಗಿಯೇ ಇದ್ದರು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಸರ್ಕಾರದ ಕಡೆ ಕೂರಲಿಲ್ಲ. ಅವರು ವಿರೋಧಿಸಿದ ಮಸೂದೆಗಳಲ್ಲಿ ಬಹುಪಾಲು ಅಂಗೀಕಾರವಾದವು, ಅವರ ಪಕ್ಷ ತಂದ ಗೊತ್ತುವಳಿಗಳಲ್ಲಿ ಬಹುಪಾಲು ಬಿದ್ದುಹೋದವು. ಆದರೂ ಮತದಾನದಲ್ಲಿ ಸೋಲುತ್ತಲೇ ಸಂಸತ್ತನ್ನು ಹೇಗೆ ದುಡಿಸಿಕೊಳ್ಳಬಹುದು ಎಂಬುದನ್ನು ಇಷ್ಟು ದೀರ್ಘಕಾಲ, ಇಷ್ಟು ಪಟ್ಟಾಗಿ ಮಾಡಿ ತೋರಿಸಿದ ಇನ್ನೊಬ್ಬ ಸಂಸದನನ್ನು ನಾನಂತೂ ಕಂಡಿಲ್ಲ.

ಬೆಬೆಲ್ ಹುಟ್ಟಿದ್ದು 1840ರ ಫೆಬ್ರವರಿ 22ರಂದು, ಕಲೋನ್ ನಗರದ ಎದುರು ದಡದ ಡಾಯ್ಟ್ಸ್‌ನಲ್ಲಿ, ಸೈನಿಕರ ವಸತಿಯೊಂದರಲ್ಲಿ. ತಂದೆ ಪ್ರಷ್ಯಾ ಸೇನೆಯಲ್ಲಿ ಕೆಳದರ್ಜೆಯ ಹುದ್ದೆಯಲ್ಲಿದ್ದವರು. ತಂದೆ ತಾಯಿ ಇಬ್ಬರನ್ನೂ ಚಿಕ್ಕಂದಿನಲ್ಲೇ ಕಳೆದುಕೊಂಡ ಹುಡುಗ ವೆಟ್ಸ್‌ಲಾರ್ ಊರಿನಲ್ಲಿ ಕಡಸಲು ಕೆಲಸ ಕಲಿತು, ಕೆಲಸ ಹುಡುಕಿಕೊಂಡು ಊರೂರು ತಿರುಗಿ, 1860ರಲ್ಲಿ ಲೈಪ್‌ಜಿಗ್ ಸೇರಿದ. ಅಲ್ಲಿ ಮುಂದೆ ಸ್ವಂತ ಕಾರ್ಖಾನೆ ಹಾಕಿ ಎಮ್ಮೆಯ ಕೊಂಬಿನಿಂದ ಬಾಗಿಲು ಕಿಟಕಿಗಳ ಹಿಡಿಕೆ ಮಾಡಿ ಮಾರುತ್ತಿದ್ದರು. ಕಾರ್ಮಿಕರ ಶಿಕ್ಷಣ ಸಂಘದಲ್ಲಿ ರಾಜಕೀಯದ ಓನಾಮ ಕಲಿತದ್ದೂ, ವಿಲ್‌ಹೆಲ್ಮ್ ಲೀಬ್‌ಕ್ನೆಕ್ಟ್ ಅವರ ಸಹವಾಸದಿಂದ ಸಮಾಜವಾದದ ಕಡೆ ಹೊರಳಿದ್ದೂ ಇದೇ ಊರಿನಲ್ಲಿ. 1867ರಲ್ಲಿ, ನೇಕಾರರೇ ತುಂಬಿದ್ದ ಸ್ಯಾಕ್ಸನಿಯ ಗ್ಲೌಖೌ-ಮೇರಾನೆ ಕ್ಷೇತ್ರ ಅವರನ್ನು ಉತ್ತರ ಜರ್ಮನ್ ಒಕ್ಕೂಟದ ಸದನಕ್ಕೆ ಆರಿಸಿ ಕಳಿಸಿದಾಗ ಅವರಿಗೆ ಇನ್ನೂ ಇಪ್ಪತ್ತೇಳು ತುಂಬಿರಲಿಲ್ಲ.

ಫ್ರಾನ್ಸ್ ಮೇಲಿನ ಯುದ್ಧ ಶುರುವಾದ 1870ರ ಜುಲೈನಲ್ಲಿ, ಯುದ್ಧವೆಚ್ಚದ ಸಾಲಕ್ಕೆ ಮತ ಹಾಕುವ ಪ್ರಸಂಗ ಬಂದಾಗ, ಬೆಬೆಲ್ ಮತ್ತು ಲೀಬ್‌ಕ್ನೆಕ್ಟ್ ತಟಸ್ಥರಾಗಿ ಉಳಿದರು. ಫ್ರಾನ್ಸಿನ ಚಕ್ರವರ್ತಿ ಸೆರೆಸಿಕ್ಕು ಅಲ್ಲಿ ಗಣರಾಜ್ಯ ಘೋಷಣೆಯಾದ ಮೇಲೂ ಯುದ್ಧ ನಿಲ್ಲದೆ ಅಲ್ಸಾಸ್-ಲೊರೇನ್ ಪ್ರಾಂತವನ್ನು ಕಿತ್ತುಕೊಳ್ಳುವ ಮಾತು ಬಂದಾಗ, ನವೆಂಬರ್‌ನಲ್ಲಿ ನೇರವಾಗಿ ವಿರುದ್ಧ ಮತ ಹಾಕಿದರು. ಡಿಸೆಂಬರ್‌ನಲ್ಲಿ ಇಬ್ಬರನ್ನೂ ಬಂಧಿಸಲಾಯಿತು. ಹೊಸದಾಗಿ ಹುಟ್ಟಿದ ಜರ್ಮನ್ ಸಾಮ್ರಾಜ್ಯದ ಮೊದಲ ಸಂಸತ್ತಾದ ರೈಖ್‌ಸ್ಟಾಗ್‌ಗೆ 1871ರ ಮಾರ್ಚ್‌ನಲ್ಲಿ ಚುನಾವಣೆ ನಡೆದಾಗ ಬೆಬೆಲ್ ವಿಚಾರಣಾಧೀನ ಕೈದಿ. ಗ್ಲೌಖೌ-ಮೇರಾನೆಯ ನೇಕಾರರು ಜೈಲಿನಲ್ಲಿದ್ದವರನ್ನೇ ಗೆಲ್ಲಿಸಿದರು. ಹೊರಗೆ ಬಂದವರು ಮೇ 25ರಂದು, ಪ್ಯಾರಿಸ್ ಕಮ್ಯೂನ್ (ಆ ನಗರದ ಕಾರ್ಮಿಕರು ದಂಗೆಯೆದ್ದು ಕಟ್ಟಿಕೊಂಡಿದ್ದ ಆಡಳಿತ) ರಕ್ತದಲ್ಲಿ ಮುಳುಗುತ್ತಿದ್ದ ವಾರದಲ್ಲೇ ಎದ್ದು ನಿಂತು, ಪ್ಯಾರಿಸ್‌ನಲ್ಲಿ ನಡೆದಿರುವುದು ಬರೀ ಮುಂಚೂಣಿಯ ಚಕಮಕಿ, ಯುರೋಪಿನ ನಿಜವಾದ ಹೋರಾಟ ಇನ್ನೂ ಮುಂದಿದೆ ಎಂದರು. ಆ ಭಾಷಣ ಕೇಳಿದ ದಿನದಿಂದಲೇ ಸೋಷಿಯಲ್ ಡೆಮಾಕ್ರಟರಲ್ಲಿ ರಾಜ್ಯದ ಶತ್ರುವನ್ನು ಗುರುತಿಸಿದೆನೆಂದು ಸರ್ಕಾರದ ಮುಖ್ಯಸ್ಥನಾದ ಚಾನ್ಸಲರ್ ಬಿಸ್ಮಾರ್ಕ್ 1878ರಲ್ಲಿ ಅದೇ ಸದನದಲ್ಲಿ ಹೇಳಿದ. ಬೆರಳೆಣಿಕೆಯ ಬೆಂಬಲಿಗರೂ ಇಲ್ಲದ ಒಬ್ಬ ಕುಶಲಕರ್ಮಿಯ ಮಾತನ್ನು ಸಾಮ್ರಾಜ್ಯದ ಚಾನ್ಸಲರ್ ಏಳು ವರ್ಷ ಮರೆಯಲಿಲ್ಲ.

1872ರಲ್ಲಿ ಲೈಪ್‌ಜಿಗ್‌ನಲ್ಲಿ ನಡೆದ ರಾಜದ್ರೋಹದ ವಿಚಾರಣೆಯಲ್ಲಿ ಎರಡು ವರ್ಷದ ಕೋಟೆಸೆರೆ ಆಯಿತು. ಅದರ ಬೆನ್ನಿಗೇ ಚಕ್ರವರ್ತಿಯನ್ನು ನಿಂದಿಸಿದ ಆರೋಪದಲ್ಲಿ ಇನ್ನೂ ಒಂಬತ್ತು ತಿಂಗಳು, ಜೊತೆಗೆ ಸಂಸತ್ ಸ್ಥಾನವೂ ರದ್ದು. 1873ರ ಜನವರಿಯಲ್ಲಿ ಉಪಚುನಾವಣೆ ನಡೆದಾಗ ಕ್ಷೇತ್ರದ ಜನ ಹಿಂದಿಗಿಂತ ಹೆಚ್ಚಿನ ಅಂತರದಲ್ಲಿ ಅವರನ್ನೇ ಆರಿಸಿದರು. ಇತ್ತ ಯಜಮಾನ ಸೆರೆಮನೆಯಿಂದ ಸೆರೆಮನೆಗೆ ತಿರುಗುತ್ತಿದ್ದಾಗ ಹಿಡಿಕೆಗಳ ವ್ಯಾಪಾರವನ್ನೂ ಮನೆಯನ್ನೂ ನಿಭಾಯಿಸಿದವರು ಪತ್ನಿ ಯೂಲಿಯೆ. ಬೆಬೆಲ್ ಅವರ ಸಂಸದೀಯ ಬದುಕಿನ ಖರ್ಚುವೆಚ್ಚ ಬರೆದರೆ ಜಮಾ ಕಡೆಯಲ್ಲಿ ಮೊದಲು ಬರುವ ಹೆಸರು ಆಕೆಯದು.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವ ಕಾಲ 1878ರಿಂದ 1890ರವರೆಗಿನ ಹನ್ನೆರಡು ವರ್ಷ. ಚಕ್ರವರ್ತಿಯ ಮೇಲೆ ನಡೆದ ಎರಡು ಕೊಲೆಯತ್ನಗಳನ್ನು ನೆಪ ಮಾಡಿಕೊಂಡು ಬಿಸ್ಮಾರ್ಕ್ ಸಮಾಜವಾದಿ ವಿರೋಧಿ ಕಾನೂನನ್ನು ತಂದ. ಪಕ್ಷದ ಸಂಘಟನೆ, ಸಭೆ, ಪತ್ರಿಕೆ ಎಲ್ಲಕ್ಕೂ ನಿಷೇಧ ಬಿತ್ತು. ಬರ್ಲಿನ್, ಹ್ಯಾಂಬರ್ಗ್, ಲೈಪ್‌ಜಿಗ್ ನಗರಗಳಿಂದ ಕಾರ್ಯಕರ್ತರನ್ನು ಗಡೀಪಾರು ಮಾಡಲಾಯಿತು. 1881ರಲ್ಲಿ ಬೆಬೆಲ್ ಅವರನ್ನೂ ಲೈಪ್‌ಜಿಗ್‌ನಿಂದ ಹೊರಹಾಕಿದರು. ಆದರೆ ಕಾನೂನಿನಲ್ಲಿ ಒಂದು ಕಿಂಡಿ ಉಳಿದಿತ್ತು: ಪಕ್ಷ ನಿಷೇಧವಾದರೂ ವ್ಯಕ್ತಿಯಾಗಿ ಚುನಾವಣೆಗೆ ನಿಲ್ಲುವುದಕ್ಕೆ, ಗೆದ್ದರೆ ಸದನದಲ್ಲಿ ಮಾತಾಡುವುದಕ್ಕೆ ಅಡ್ಡಿ ಇರಲಿಲ್ಲ. ಸಂವಿಧಾನದ 30ನೇ ವಿಧಿಯ ಪ್ರಕಾರ ಸದನದಲ್ಲಿ ಆಡಿದ ಮಾತಿಗಾಗಿ ಸದಸ್ಯನ ಮೇಲೆ ಯಾರೂ ಮೊಕದ್ದಮೆ ಹೂಡುವಂತಿರಲಿಲ್ಲ. 22ನೇ ವಿಧಿಯ ಪ್ರಕಾರ ಸದನದ ಬಹಿರಂಗ ನಡಾವಳಿಯ ಯಥಾವತ್ ವರದಿಗೆ ಯಾವ ಶಿಕ್ಷೆಯೂ ಇರಲಿಲ್ಲ. ಅಂದರೆ ಬೀದಿಯಲ್ಲಿ ಕೂಗಿದರೆ ಜೈಲು ಕಾಣಿಸುವ ಮಾತನ್ನೇ ಸದನದಲ್ಲಿ ಆಡಿದರೆ ಶೀಘ್ರಲಿಪಿಕಾರ ಬರೆದುಕೊಳ್ಳುತ್ತಿದ್ದ, ಸರ್ಕಾರದ ಖರ್ಚಿನಲ್ಲೇ ಅದು ಅಚ್ಚಾಗುತ್ತಿತ್ತು.

ಬೆಬೆಲ್ ಭಾಷಣಗಳಲ್ಲಿ ಅಂಕಿಅಂಶ, ಕಾರ್ಖಾನೆಯ ಕೂಲಿಯ ವಿವರ, ಪೊಲೀಸರ ದೌರ್ಜನ್ಯದ ಪ್ರಕರಣಗಳು ಏಕೆ ಅಷ್ಟೊಂದು ತುಂಬಿಕೊಂಡಿರುತ್ತಿದ್ದವು ಎಂಬುದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಎದುರಿಗೆ ಕೂತ ಜಮೀನ್ದಾರರ ಮನಸ್ಸು ತನ್ನ ಮಾತಿನಿಂದ ಬದಲಾಗದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಮಾತಿನ ನಿಜವಾದ ಶ್ರೋತೃ ನಾಳೆ ಆ ಭಾಷಣವನ್ನು ಓದುವ, ಇಲ್ಲವೇ ಯಾರಿಂದಲಾದರೂ ಓದಿಸಿ ಕೇಳುವ ಕಾರ್ಮಿಕ. ಸದನದೊಳಗೆ ಗೆಲ್ಲಲಾಗದ ವಾದವನ್ನು ಸದನದ ಹೊರಗೆ ಗೆಲ್ಲಲು ಸದನವನ್ನೇ ಬಳಸಿಕೊಳ್ಳುವ ಈ ಚಾಕಚಕ್ಯತೆಯನ್ನು ಕೆಲವರು ಸಂಸತ್ತಿನ ದುರುಪಯೋಗ ಎಂದು ಅಂದೂ ಹಳಿದರು, ಇಂದೂ ಹಳಿಯುವವರಿದ್ದಾರೆ. ಪತ್ರಿಕೆಯ ಬಾಯಿ ಕಟ್ಟಿದ ಸರ್ಕಾರವೇ ಅವರನ್ನು ಅಲ್ಲಿಗೆ ತಳ್ಳಿದ್ದು ಎಂಬುದನ್ನು ಇವರು ಮರೆಯುತ್ತಾರೆ.

ಈ ಕೆಲಸಕ್ಕೆ ಸಂಬಳವೂ ಇರಲಿಲ್ಲ. ಕೂಲಿ ಮಾಡಿ ಬದುಕುವವರು ಬರ್ಲಿನ್‌ನಲ್ಲಿ ತಿಂಗಳುಗಟ್ಟಲೆ ಕೂರುವುದು ಸಾಧ್ಯವಾಗಬಾರದೆಂದೇ ಬಿಸ್ಮಾರ್ಕ್ ಸಂವಿಧಾನದಲ್ಲಿ ಸದಸ್ಯರ ಭತ್ಯೆಯನ್ನು ನಿಷೇಧಿಸಿದ್ದ. 1906ರವರೆಗೆ ಅದು ಹಾಗೆಯೇ ಇತ್ತು. 1874ರಲ್ಲಿ ಸದಸ್ಯರಿಗೆ ಉಚಿತ ರೈಲು ಪಾಸ್ ಸಿಕ್ಕಿತು. ಸಮಾಜವಾದಿ ಸದಸ್ಯರು ಅದೇ ಪಾಸ್ ಹಿಡಿದು ದೇಶವಿಡೀ ಸುತ್ತಿ ಪಕ್ಷ ಕಟ್ಟುತ್ತಿದ್ದಾರೆಂದು ಗೊತ್ತಾದಾಗ, 1884ರಲ್ಲಿ ಪಾಸನ್ನು ಸದಸ್ಯನ ಊರಿಗೂ ಬರ್ಲಿನ್‌ಗೂ ನಡುವಿನ ದಾರಿಗಷ್ಟೇ ಸೀಮಿತಗೊಳಿಸಿದರು. ಅಷ್ಟರಿಂದ ಬೆಬೆಲ್ ತಿರುಗಾಟವೇನೂ ನಿಲ್ಲಲಿಲ್ಲ. ಹಿಡಿಕೆಗಳ ಮಾದರಿ ತೋರಿಸಿ ಆರ್ಡರ್ ಹಿಡಿಯಲು ಅವರು ಹೇಗೂ ಊರೂರು ಹೋಗಲೇಬೇಕಿತ್ತಲ್ಲ.

1884ರ ನವೆಂಬರ್ 26ರಂದು ಬಿಸ್ಮಾರ್ಕ್ ಸದನದಲ್ಲಿ ಒಂದು ಮಾತು ಒಪ್ಪಿಕೊಂಡ: ಸೋಷಿಯಲ್ ಡೆಮಾಕ್ರಸಿ ಎಂಬುದು ಇಲ್ಲದಿದ್ದರೆ, ಅದಕ್ಕೆ ಹೆದರುವ ಜನ ಬಹಳಷ್ಟು ಇಲ್ಲದಿದ್ದರೆ, ಸಾಮಾಜಿಕ ಸುಧಾರಣೆಯಲ್ಲಿ ನಾವು ಈವರೆಗೆ ಕಂಡಿರುವ ಅಲ್ಪಸ್ವಲ್ಪ ಪ್ರಗತಿಯೂ ಆಗುತ್ತಿರಲಿಲ್ಲ. 1883ರ ಆರೋಗ್ಯ ವಿಮೆ, 1884ರ ಅಪಘಾತ ವಿಮೆ, ಮುಂದೆ 1889ರಲ್ಲಿ ಬಂದ ವೃದ್ಧಾಪ್ಯ ವಿಮೆ ಇವೆಲ್ಲದರ ಹಿಂದೆ ಆ ಭಯದ ಪಾಲಿತ್ತು. ಇದರಲ್ಲಿನ ವಿಪರ್ಯಾಸವನ್ನೂ ಹೇಳಬೇಕು. ಈ ಮಸೂದೆಗಳು ಸಾಕಾಗುವುದಿಲ್ಲವೆಂದು ಬೆಬೆಲ್ ಅವರ ಪಕ್ಷ ವಿರುದ್ಧವೇ ಮತ ಹಾಕಿತ್ತು. ತಮ್ಮ ದಣಿವರಿಯದ ಮಾತಿನಿಂದ ಹುಟ್ಟಿದ ಫಲವನ್ನು ತಾವೇ ಬೇಡವೆಂದದ್ದು ನನಗೆ ಇಂದಿಗೂ ಸರಿ ಕಾಣುವುದಿಲ್ಲ. ಕೊಟ್ಟಷ್ಟನ್ನು ಇಸಿದುಕೊಂಡು ಉಳಿದದ್ದಕ್ಕೆ ಜಗಳ ಮುಂದುವರಿಸಬಹುದಿತ್ತು.

1890ರಲ್ಲಿ ಪಕ್ಷ ಸುಮಾರು 14 ಲಕ್ಷ ಮತ ಪಡೆದು ಎಲ್ಲಕ್ಕಿಂತ ಹೆಚ್ಚು ಮತ ಗಳಿಸಿದ ಪಕ್ಷವಾಯಿತು. ಅದೇ ವರ್ಷ ಬಿಸ್ಮಾರ್ಕ್ ಅಧಿಕಾರ ಕಳೆದುಕೊಂಡ, ಆ ಕಾನೂನೂ ಬಿದ್ದುಹೋಯಿತು. 1893ರಲ್ಲಿ ಬೆಬೆಲ್ ಸ್ಟ್ರಾಸ್‌ಬರ್ಗ್ ಕ್ಷೇತ್ರದ ಪ್ರತಿನಿಧಿಯಾದರು. ಅಲ್ಸಾಸ್ ಪ್ರಾಂತವನ್ನು ಬಲವಂತದಿಂದ ಸೇರಿಸಿಕೊಳ್ಳಬೇಡಿ ಎಂದು ಹೇಳಿ ಜೈಲಿಗೆ ಹೋದವರನ್ನು, ಎರಡು ದಶಕ ಕಳೆದ ಮೇಲೆ ಆ ಪ್ರಾಂತದ ರಾಜಧಾನಿಯೇ ತನ್ನ ಪರವಾಗಿ ಬರ್ಲಿನ್‌ಗೆ ಕಳಿಸಿತು.

ಈ ಅವಧಿಯಲ್ಲಿ ಅವರು ಎತ್ತಿದ ವಿಷಯಗಳು ಕಾರ್ಮಿಕರ ಕೂಲಿಯ ಎಲ್ಲೆಯನ್ನು ಎಷ್ಟು ದಾಟಿದ್ದವೆಂಬುದು ಬೆರಗು ಹುಟ್ಟಿಸುತ್ತದೆ. 1894ರಲ್ಲಿ ಕ್ಯಾಮರೂನ್ ವಸಾಹತಿನ ಅಧಿಕಾರಿಗಳ ಕ್ರೌರ್ಯದ ಚರ್ಚೆಯಲ್ಲಿ, ಅಲ್ಲಿನ ಜನರನ್ನು ಹೊಡೆಯಲು ಬಳಸುತ್ತಿದ್ದ ನೀರಾನೆಯ ಚರ್ಮದ ಚಾವಟಿಗಳನ್ನೇ ತಂದು ಸದನದ ಮುಂದಿಟ್ಟರು. 1895ರಲ್ಲಿ ಮಹಿಳೆಯರಿಗೂ ಮತದಾನದ ಹಕ್ಕು ಬೇಕೆಂದು ರೈಖ್‌ಸ್ಟಾಗ್‌ನಲ್ಲಿ ವಾದಿಸಿದರು. ಪ್ರಷ್ಯಾದಲ್ಲಿ ಹೆಂಗಸರು ರಾಜಕೀಯ ಸಂಘ ಸೇರುವುದೂ 1908ರವರೆಗೆ ಅಪರಾಧವಾಗಿದ್ದ ಕಾಲ ಅದು; ಮತದಾನದ ಹಕ್ಕು ಬಂದದ್ದು 1918ರಲ್ಲಿ. 1898ರ ಜನವರಿಯಲ್ಲಿ, ಗಂಡಸರ ನಡುವಿನ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 175ನೇ ಕಲಮನ್ನು ತೆಗೆಯಬೇಕೆಂದು ಬಹಿರಂಗವಾಗಿ ಮಾತಾಡಿದರು. ಆ ಕಲಮು ಪೂರ್ತಿಯಾಗಿ ಹೋದದ್ದು 1994ರಲ್ಲಿ. ಎಷ್ಟೋ ಮಂದಿ ಇಂಥ ವಿಷಯದಲ್ಲಿ ಮತ ಕಳೆದುಕೊಳ್ಳುವ ಭಯದಿಂದ ಬಾಯಿ ಬಿಡುವುದಿಲ್ಲ. ಕಾರ್ಮಿಕರ ಮತದ ಮೇಲೆ ನಿಂತ ನಾಯಕನಿಗೆ ಆ ಭಯ ಇನ್ನೂ ಹೆಚ್ಚು ಇರಬೇಕಿತ್ತು.

ಎಲ್ಲ ಕಡೆ ಹೀಗೆ ಗಟ್ಟಿಯಾಗಿ ನಿಂತರೆಂದು ಹೇಳಲಾರೆ. 1904ರ ಜನವರಿಯಲ್ಲಿ ಜರ್ಮನಿಯ ವಸಾಹತಾಗಿದ್ದ ನೈಋತ್ಯ ಆಫ್ರಿಕಾದಲ್ಲಿ (ಇಂದಿನ ನಮೀಬಿಯಾ) ಹೆರೆರೋ ಜನರ ದಂಗೆ ಅಡಗಿಸಲು ಸರ್ಕಾರ ಹಣ ಕೇಳಿದಾಗ, ಬೆಬೆಲ್ ಅವರ ಸಲಹೆಯಂತೆ ಪಕ್ಷ ವಿರೋಧಿಸದೆ ತಟಸ್ಥವಾಯಿತು. ಅಲ್ಲಿ ಜನರಲ್ ಟ್ರೋಥಾ ನಡೆಸಿದ ನರಮೇಧದ ಸುದ್ದಿ ಬಂದ ಮೇಲೆ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡದ್ದು ನಿಜ. ವಸಾಹತಿನ ಯುದ್ಧವನ್ನೇ ಮುಂದಿಟ್ಟುಕೊಂಡು ನಡೆದ 1907ರ ಚುನಾವಣೆಯಲ್ಲಿ ಪಕ್ಷ 81 ಸ್ಥಾನಗಳಿಂದ 43ಕ್ಕೆ ಕುಸಿಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅವರದೇ ಪಕ್ಷ ಸ್ಟುಟ್‌ಗಾರ್ಟ್‌ನಲ್ಲಿ ಏರ್ಪಡಿಸಿದ್ದ ಅಂತರರಾಷ್ಟ್ರೀಯ ಸಮಾಜವಾದಿ ಸಮ್ಮೇಳನದಲ್ಲೇ ಭಿಕಾಜಿ ಕಾಮಾ ಭಾರತದ ಬಾವುಟ ಬಿಚ್ಚಿದ್ದು.

ಅವರ ಭಾಷಣಗಳಲ್ಲಿ ಒಂದನ್ನೇ ಓದುವುದಾದರೆ 1911ರ ನವೆಂಬರ್ 9ರದ್ದನ್ನು ಓದಬೇಕು. ಮೊರಾಕೊ ವಿಷಯದಲ್ಲಿ ಫ್ರಾನ್ಸ್, ಬ್ರಿಟನ್, ಜರ್ಮನಿಗಳು ಯುದ್ಧದ ಅಂಚಿಗೆ ಬಂದು ಆಗಷ್ಟೇ ಹಿಂದೆ ಸರಿದಿದ್ದವು. ಎಪ್ಪತ್ತೊಂದು ವರ್ಷದ ಬೆಬೆಲ್ ಎದ್ದು ನಿಂತು, ಶಸ್ತ್ರಾಸ್ತ್ರದ ಪೈಪೋಟಿ ಹೀಗೇ ಮುಂದುವರಿದರೆ ಒಂದು ದಿನ ಮಹಾದುರಂತ ಎದುರಾಗುತ್ತದೆ, ಅಂದು 160ರಿಂದ 180 ಲಕ್ಷ ಗಂಡಸರು, ಎಲ್ಲ ದೇಶಗಳ ಹರೆಯದ ಹುಡುಗರು, ಅತ್ಯುತ್ತಮ ಕೊಲೆಯಾಯುಧಗಳನ್ನು ಹಿಡಿದು ಒಬ್ಬರ ಮೇಲೊಬ್ಬರು ಬೀಳುತ್ತಾರೆ ಎಂದರು. ಆ ಯುದ್ಧದ ಹಿಂದೆಯೇ ದಿವಾಳಿತನ, ದಾರಿದ್ರ್ಯ, ನಿರುದ್ಯೋಗ, ದೊಡ್ಡ ಹಸಿವು ನಿಂತಿವೆ ಎಂದೂ ಹೇಳಿದರು. ನಡಾವಳಿಯಲ್ಲಿ ಬಲಗಡೆಯ ಸಾಲುಗಳಿಂದ ಎದ್ದ ನಗೆಯೂ ದಾಖಲಾಗಿದೆ. ಅಷ್ಟೇ ಅಲ್ಲ, ಪ್ರತಿ ಯುದ್ಧವಾದ ಮೇಲೂ ಸ್ಥಿತಿ ಸುಧಾರಿಸುತ್ತದೆ ಎಂದು ಯಾರೋ ಕೂಗಿದ್ದೂ ಅಚ್ಚಾಗಿದೆ. ಶೀಘ್ರಲಿಪಿಕಾರರು ನಗುವನ್ನೂ ಬಿಡದೆ ಬರೆದುಕೊಂಡದ್ದಕ್ಕೆ ನಾವು ಋಣಿಗಳಾಗಿರಬೇಕು. ಮೂರು ವರ್ಷ ತುಂಬುವುದರೊಳಗೆ ನಗುವವರ ಸರ್ಕಾರ ಆ ಯುದ್ಧಕ್ಕೆ ಇಳಿದಿತ್ತು.

ಆ ಹೊತ್ತಿಗೆ ಬೆಬೆಲ್ ಅವರಿಗೂ ಸದನದ ಮೇಲಿನ ಭರವಸೆ ಸವೆದಿತ್ತೆಂದು ಕಾಣುತ್ತದೆ. ಪ್ರಷ್ಯಾದ ಯುದ್ಧೋನ್ಮಾದದ ಬಗ್ಗೆ ಎಚ್ಚರಿಸಿ, ಬ್ರಿಟನ್ ತನ್ನ ನೌಕಾಬಲವನ್ನು ಸಡಿಲಬಿಡಬಾರದೆಂದು ಅವರು ಜ್ಯೂರಿಕ್‌ನಲ್ಲಿದ್ದ ಬ್ರಿಟಿಷ್ ಕಾನ್ಸಲ್ ಜನರಲ್ ಹೈನ್‌ರಿಖ್ ಆಂಗ್ಸ್ಟ್ ಮೂಲಕ ಗುಟ್ಟಾಗಿ ಹೇಳಿ ಕಳಿಸುತ್ತಿದ್ದ ಸಂಗತಿ ದಶಕಗಳ ನಂತರ ಹೊರಬಂತು. ಇದನ್ನು ದ್ರೋಹವೆನ್ನಲು ನಾನು ಸಿದ್ಧನಿಲ್ಲ. ಆದರೆ ಬದುಕಿಡೀ ಎಲ್ಲವನ್ನೂ ಬಹಿರಂಗ ಸಭೆಯಲ್ಲೇ ಆಡಿದ ಮನುಷ್ಯ ಕೊನೆಗೆ ಪರದೇಶದ ಕಚೇರಿಯ ಕಿವಿಯಲ್ಲಿ ಪಿಸುಗುಟ್ಟಬೇಕಾಯಿತೆಂದರೆ ಆ ಸಂಸತ್ತಿನ ಶಕ್ತಿ ಎಷ್ಟಿತ್ತೆಂಬುದು ತಿಳಿಯುತ್ತದೆ. 1912ರ ಚುನಾವಣೆಯಲ್ಲಿ ಪಕ್ಷ 397ರಲ್ಲಿ 110 ಸ್ಥಾನ ಗೆದ್ದು ಸದನದ ಅತಿ ದೊಡ್ಡ ಪಕ್ಷವಾಗಿತ್ತು. ಆದರೂ ಚಾನ್ಸಲರನ್ನು ನೇಮಿಸುವುದು, ತೆಗೆಯುವುದು ಎರಡೂ ಚಕ್ರವರ್ತಿಯ ಮರ್ಜಿ. ಬೆಬೆಲ್ 1913ರ ಆಗಸ್ಟ್ 13ರಂದು ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡ ನಾಲ್ಕು ತಿಂಗಳಿಗೆ, ಅಲ್ಸಾಸ್‌ನಲ್ಲಿ ಸೇನೆ ನಡೆಸಿದ ದರ್ಪದ ಕಾರಣಕ್ಕೆ ಸದನ 293-54 ಮತಗಳಿಂದ ಚಾನ್ಸಲರ್ ಬೆಥ್‌ಮನ್ ಹೋಲ್‌ವೆಗ್ ವಿರುದ್ಧ ಅವಿಶ್ವಾಸ ಸೂಚಿಸಿತು. ಚಾನ್ಸಲರ್ ಕುರ್ಚಿ ಬಿಟ್ಟು ಅಲುಗಲಿಲ್ಲ. ಬಂಡವಾಳಶಾಹಿ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ ಎಂದು ನಂಬಿ ಕಾಯುತ್ತಿದ್ದ ಬೆಬೆಲ್, ಚಾನ್ಸಲರನ್ನು ಸದನಕ್ಕೆ ಬಗ್ಗಿಸುವ ಕೆಲಸಕ್ಕೆ ಅದೇ ಹಟ ತೋರಲಿಲ್ಲ ಎಂಬುದು ನನ್ನ ದೊಡ್ಡ ತಕರಾರು.

1914ರ ಆಗಸ್ಟ್ 4ರಂದು ಬೆಬೆಲ್ ಕಟ್ಟಿದ ಪಕ್ಷ ಯುದ್ಧವೆಚ್ಚಕ್ಕೆ ಒಮ್ಮತದಿಂದ ಮತ ಹಾಕಿತು. ಹಿಂದಿನ ದಿನ ಒಳಗಿನ ಸಭೆಯಲ್ಲಿ 78 ಮಂದಿ ಪರ, 14 ಮಂದಿ ವಿರುದ್ಧ ಇದ್ದರೂ ಶಿಸ್ತಿನ ಹೆಸರಿನಲ್ಲಿ ಎಲ್ಲರೂ ಒಂದಾದರು. ಬೆಬೆಲ್ ಬದುಕಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವವರನ್ನು ನಾನು ಒಪ್ಪುವುದಿಲ್ಲ. ರಷ್ಯಾದ ಝಾರ್ ದಂಡೆತ್ತಿ ಬಂದರೆ ಈ ಮುದಿವಯಸ್ಸಿನಲ್ಲೂ ಬಂದೂಕು ಹೆಗಲಿಗೇರಿಸುತ್ತೇನೆ ಎಂದು ಸದನದಲ್ಲೇ ಹೇಳಿದ್ದವರು ಅವರು. ಆ ದಿನ ಸರ್ಕಾರ ಮುಂದಿಟ್ಟದ್ದೂ ರಷ್ಯಾದ ಭಯವನ್ನೇ. ಆದರೆ ಡಿಸೆಂಬರ್ 2ರಂದು ಎರಡನೆಯ ಕಂತಿನ ಹಣ ಕೇಳಿದಾಗ ಹಳೆಯ ಗೆಳೆಯ ಲೀಬ್‌ಕ್ನೆಕ್ಟ್ ಅವರ ಮಗ ಕಾರ್ಲ್ ಒಬ್ಬರೇ ವಿರುದ್ಧ ಮತ ಹಾಕಿ, ಕಾರಣಗಳನ್ನು ಬರೆದು ಅಧ್ಯಕ್ಷರ ಕೈಗೆ ಕೊಟ್ಟರು. ಅಧ್ಯಕ್ಷರು ಅದನ್ನು ನಡಾವಳಿಗೆ ಸೇರಿಸಲು ಒಪ್ಪಲಿಲ್ಲ. ಬೆಬೆಲ್ ಅವರನ್ನು ಜೈಲಿಗಟ್ಟಿದ ಬಿಸ್ಮಾರ್ಕ್ ಕಾಲದಲ್ಲೂ ಮುಚ್ಚದೆ ಉಳಿದಿದ್ದ ಕಿಂಡಿ ಅದು. ಕಾರ್ಲ್ ಅವರ ಹೇಳಿಕೆ ಕಳ್ಳ ಕರಪತ್ರವಾಗಿ ಕೈಯಿಂದ ಕೈಗೆ ಹೋಯಿತು.